ಟೆಲಿವಿಷನ್ನಿನ ಹದ

ಹೊಸ ಟೆಲಿವಿಷನ್ ಮನೆಗೆ ಬಂದಾಗ ಮನೆಯವರು ಮೂರು ಪಕ್ಷವಾಗುತ್ತಾರೆ. ಅಂಗಡಿಯವನು ಹೇಗೆ ಕೊಟ್ಟನೋ ಹಾಗೆಯೇ ನೋಡಿಕೊಂಡು ಸುಖವಾಗಿರುವವರು ಮೊದಲನೆಯವರು. ಬಂದ ದಿನದಿಂದ ರಿಮೋಟು ಹಿಡಿದು, ಬಣ್ಣವನ್ನು ಏರಿಸಿ, ಇಳಿಸಿ, ಮತ್ತೆ ಏರಿಸಿ, ಕಾರ್ಯಕ್ರಮವನ್ನು ಬಿಟ್ಟು ಟೆಲಿವಿಷನ್ನನ್ನೇ ನೋಡುತ್ತ ಕೂರುವವರು ಎರಡನೆಯವರು. "ಏನಾದರೂ ಮಾಡಿಕೊಳ್ಳಿ, ಧಾರಾವಾಹಿಯ ಹೊತ್ತಿಗೆ ಮುಖ ಮುಖದ ಹಾಗೆ ಕಾಣಲಿ, ಮಾತು ಮಾತಿನ ಹಾಗೆ ಕೇಳಲಿ" ಎನ್ನುವವರು ಮೂರನೆಯವರು. ಈ ಮೂರನೆಯವರ ಬೇಡಿಕೆ ಬಹಳ ಸಾಧುವಾದದ್ದು. ಆದರೆ ನಡೆಸಿಕೊಡಲು ಹೊರಟರೆ ಅದರಷ್ಟು ತೊಡಕಿನದು ಬೇರೊಂದಿಲ್ಲ. ಮುಖ ಯಾರ ಕಣ್ಣಿಗೆ ಮುಖದ ಹಾಗೆ ಕಾಣಬೇಕು, ಮಾತು ಯಾರ ಕಿವಿಗೆ ಮಾತಿನ ಹಾಗೆ ಕೇಳಬೇಕು ಎಂಬ ಪ್ರಶ್ನೆ ಅದರ ಬೆನ್ನಿಗೇ ನಿಂತಿರುತ್ತದೆ.

ಈ ಕೆಲಸಕ್ಕೆ ಎಲ್ಲರೂ 'ಸೆಟ್ಟಿಂಗ್' ಎನ್ನುತ್ತಾರೆ. ಮನೆಯಲ್ಲಿ ನಾನೂ ಹಾಗೆಯೇ ಎನ್ನುವುದು. ಬರೆಯಲು ಕೂತಾಗ ಮಾತ್ರ ನಮ್ಮದೇ ಆದ ಒಂದು ಮಾತು ನೆನಪಿಗೆ ಬರುತ್ತದೆ: ಹದ. ಪಾಕಕ್ಕೆ ಹದವುಂಟು, ಉತ್ತ ನೆಲಕ್ಕೆ ಹದವುಂಟು, ಬೀಳುವ ಮಳೆಗೂ ಹದವುಂಟು. ಅಳತೆಯೊಂದರಿಂದಲೇ ಹದ ಸಿಕ್ಕುವುದಿಲ್ಲ. ಇಷ್ಟು ಬೆಲ್ಲಕ್ಕೆ ಇಷ್ಟು ನೀರು ಎಂದು ಪುಸ್ತಕ ನೋಡಿ ಹಾಕಬಹುದು. ಕೊನೆಗೆ ಎರಡು ಬೆರಳ ನಡುವೆ ಎಳೆ ಹಿಡಿದು ನೋಡಿಯೇ ಪಾತ್ರೆ ಇಳಿಸಬೇಕು. ಟೆಲಿವಿಷನ್ನಿನ ಕತೆಯೂ ಅಷ್ಟೆ. ಅಂಕಿಗಳು ಸೊನ್ನೆಯಿಂದ 100ರವರೆಗೆ ಇವೆ. ಹದ ಎಲ್ಲಿದೆ ಎಂದು ಅವು ಹೇಳುವುದಿಲ್ಲ.

ಹಿಂದೆ ಈ ಹದವೆಲ್ಲ ಪೆಟ್ಟಿಗೆಯ ಮೈಮೇಲೆಯೇ ಇರುತ್ತಿತ್ತು. ಬೆಂಗಳೂರಿನ ದೂರದರ್ಶನ ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. ಚಾಮರಾಜಪೇಟೆಯ ನಮ್ಮ ಮನೆಗೆ ಟೆಲಿವಿಷನ್ ಬಂದದ್ದು ಅದಾಗಿ ಏಳು ವರ್ಷಕ್ಕೆ, ಮಹಾಭಾರತ ಧಾರಾವಾಹಿ ಶುರುವಾದ 1988ರಲ್ಲಿ. ಕಪ್ಪು ಬಿಳುಪಿನದು, ಎಳೆದು ಮುಚ್ಚುವ ಬಾಗಿಲಿದ್ದ ಮರದ ಪೆಟ್ಟಿಗೆ. ಬೆಳಕಿಗೊಂದು ತಿರುಗುಗುಂಡಿ, ಕಪ್ಪು ಬಿಳುಪಿನ ಅಂತರಕ್ಕೊಂದು, ದನಿಗೊಂದು. ಚಿತ್ರ ಉರುಳದಂತೆ ಹಿಡಿಯಲು ಬೆನ್ನ ಹಿಂದೆ ಇನ್ನೊಂದು. ಆ ಹಿಂದಿನ ಗುಂಡಿ ಸ್ವಲ್ಪ ಮುನಿಸಿಕೊಂಡರೂ ಸಾಕು, ಭೀಷ್ಮರ ಪಾದ ಮೇಲೆ ಬಂದು ಕಿರೀಟ ಕೆಳಗೆ ಹೋಗಿ, ಹಸ್ತಿನಾವತಿಯೇ ಸುತ್ತಲು ತೊಡಗುತ್ತಿತ್ತು.

ತಾರಸಿಯ ಮೇಲೆ ಯಾಗಿ ಆಂಟೆನಾ. ಜಪಾನಿನ ಯಾಗಿ ಮತ್ತು ಉಡ ಎಂಬ ಇಬ್ಬರು ವಿದ್ವಾಂಸರು 1926ರಲ್ಲಿ ಲೋಕಕ್ಕೆ ತಿಳಿಸಿದ ಆ ಲೋಹದ ಏಣಿಯ ಮುಖವನ್ನು ಜೆ.ಸಿ. ನಗರದ ಗೋಪುರದ ಕಡೆಗೆ ತಿರುಗಿಸಿ ನಿಲ್ಲಿಸಬೇಕು. ತಾರಸಿಯ ಮೇಲೆ ನಾನು, ಟೆಲಿವಿಷನ್ನಿನ ಮುಂದೆ ನಮ್ಮ ತಂದೆ, ನಡುವೆ ಕಿಟಕಿಯ ಬಳಿ ನಮ್ಮ ತಾಯಿ. "ಬಂತಾ?" ಎಂದು ನಾನು ಕೂಗುವುದು, "ಬಂತಂತೆ... ಹೋಯ್ತಂತೆ... ಇನ್ನೊಂದು ಚೂರು ಬಲಕ್ಕಂತೆ" ಎಂದು ತಾಯಿ ತಂದೆಯ ಮಾತನ್ನು ಮೇಲಕ್ಕೆ ದಾಟಿಸುವುದು. ಹದ ಹೇಳುವ ಅಧಿಕಾರ ತಂದೆಯವರದು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದವರು. ಹಲಗೆಯ ಕಡೆಗೆ ಮುಖ ಮಾಡಿಕೊಂಡಿದ್ದಾಗಲೂ ಕೊನೆಯ ಬೆಂಚಿನ ಪಿಸುಮಾತು ಯಾರದೆಂದು ಹೆಸರು ಹಿಡಿದು ಹೇಳಬಲ್ಲ ಕಿವಿ ಅವರದು. "ಚಿತ್ರ ಸರಿಯಾಯಿತು, ಆದರೆ ದನಿಯಲ್ಲಿ ಗೊರಗೊರ ಇದೆ" ಎಂದು ನಮಗಾರಿಗೂ ಕೇಳಿಸದ ಗೊರಗೊರವನ್ನು ಹಿಡಿದು, ನನ್ನನ್ನು ಮತ್ತೆ ತಾರಸಿಗೆ ಅಟ್ಟುತ್ತಿದ್ದರು.

ನಮ್ಮ ದೇಶದ ಟೆಲಿವಿಷನ್ನಿಗೆ ಬಣ್ಣ ಬಂದದ್ದು 1982ರಲ್ಲಿ. ಆಗಸ್ಟ್ 15ರ ಸ್ವಾತಂತ್ರ್ಯೋತ್ಸವ, ನವೆಂಬರಿನಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟ. ನಾವು ಆರಿಸಿಕೊಂಡದ್ದು 'ಪಾಲ್' ಎಂಬ ಪದ್ಧತಿ. ಅಮೆರಿಕದವರು ನಮಗಿಂತ ಬಹಳ ಮುಂಚೆ, 1953ರಲ್ಲಿಯೇ, ಎನ್.ಟಿ.ಎಸ್.ಸಿ. ಎಂಬ ಪದ್ಧತಿಯನ್ನು ಒಪ್ಪಿಕೊಂಡಿದ್ದರು. ಅದರಲ್ಲಿ ಅಲೆ ದಾರಿಯಲ್ಲಿ ಸ್ವಲ್ಪ ತಪ್ಪಿದರೂ ಮುಖದ ಬಣ್ಣ ಹಸುರಿಗೋ ನೇರಿಳೆಗೋ ಜಾರಿಬಿಡುತ್ತಿತ್ತು. ಅದನ್ನು ಸರಿಪಡಿಸಲೆಂದೇ ಅವರ ಪೆಟ್ಟಿಗೆಗಳಲ್ಲಿ ಒಂದು ಗುಂಡಿ ಇಡಬೇಕಾಯಿತು. 'ಎರಡು ಸಲ ಒಂದೇ ಬಣ್ಣ ಎಂದೂ ಬಾರದು' ಎಂದು ಅಲ್ಲಿನ ಎಂಜಿನಿಯರುಗಳೇ ಆ ನಾಲ್ಕು ಅಕ್ಷರಗಳಿಗೆ ಹಾಸ್ಯದ ಅರ್ಥ ಕಟ್ಟಿದ್ದರು. ಜರ್ಮನಿಯ ವಾಲ್ಟರ್ ಬ್ರೂಖ್ ಎಂಬಾತ 1960ರ ದಶಕದ ಆರಂಭದಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದ. ಒಂದು ಗೆರೆಯಲ್ಲಿ ಒಂದು ದಿಕ್ಕಿಗೆ ಕಳಿಸಿದ ಬಣ್ಣದ ಸಂಕೇತವನ್ನು ಮುಂದಿನ ಗೆರೆಯಲ್ಲಿ ತಿರುಗುಮುರುಗು ಮಾಡಿ ಕಳಿಸುವುದು; ಎರಡರ ತಪ್ಪೂ ಒಂದನ್ನೊಂದು ಹೊಡೆದುಹಾಕುತ್ತದೆ. ಅದೇ ಪಾಲ್. ಅತ್ತೆಯ ತಪ್ಪು ಒಂದು ಕಡೆ, ಸೊಸೆಯ ತಪ್ಪು ಇನ್ನೊಂದು ಕಡೆ ಇದ್ದರೆ ಸಂಸಾರ ಹೇಗೋ ಸಮವಾಗಿ ನಡೆದುಕೊಂಡು ಹೋಗುವುದಿಲ್ಲವೆ, ಹಾಗೆ.

ಜರ್ಮನಿಯ ಬುದ್ಧಿವಂತ ಬಣ್ಣ ಜಾರುವುದನ್ನು ತಡೆದ. ಬಣ್ಣ ಹೆಚ್ಚುವುದನ್ನು ತಡೆಯುವುದು ಅವನಿಂದಲೂ ಆಗಲಿಲ್ಲ. ನಮ್ಮ ಬೀದಿಯಲ್ಲಿ ಮೊದಲು ಬಣ್ಣದ ಟೆಲಿವಿಷನ್ ತಂದ ಹಿರಿಯರೊಬ್ಬರು ಬಣ್ಣದ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಟ್ಟಿದ್ದರು. ವಾರ್ತೆ ಓದುವಾಕೆ ದಿನವೂ ಕುಂಕುಮದ ಭರಣಿಯಲ್ಲಿ ಅದ್ದಿ ತೆಗೆದವಳಂತೆ ಬಂದು ಕೂರುತ್ತಿದ್ದಳು. ಯಾರೋ ಸ್ವಲ್ಪ ಕಡಮೆ ಮಾಡಬಹುದೇನೋ ಎಂದಾಗ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ: "ದುಡ್ಡು ಕೊಟ್ಟಿರೋದೇ ಬಣ್ಣಕ್ಕೆ. ಅರ್ಧಕ್ಕೆ ಯಾಕಪ್ಪಾ ಇಡ್ಲಿ?"

ಆ ಹಿರಿಯರು ಈಗಿಲ್ಲ. ಅವರ ವಾದ ಮಾತ್ರ ಟೆಲಿವಿಷನ್ ಅಂಗಡಿಗಳಲ್ಲಿ ಗೆದ್ದು ಕುಳಿತಿದೆ. ಇಂದಿನ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಮೂವತ್ತು ನಲವತ್ತು ಟೆಲಿವಿಷನ್ನುಗಳು ಒಟ್ಟಿಗೆ ಬೆಳಗುತ್ತಿರುತ್ತವೆ; ಮೇಲೆ ಹಗಲಿಗಿಂತ ಹೆಚ್ಚಿನ ದೀಪ. ಅಷ್ಟು ಜನರ ನಡುವೆ ತನ್ನ ಕಡೆಗೆ ಗಿರಾಕಿಯ ಕಣ್ಣು ಸೆಳೆಯಬೇಕಾದರೆ ಚಿತ್ರ ಕಿರುಚಬೇಕು. ಅದಕ್ಕೆಂದೇ ಕಾರ್ಖಾನೆಯವರು 'ವಿವಿಡ್' ಎಂಬ ಒಂದು ಹದ ಮಾಡಿಟ್ಟಿರುತ್ತಾರೆ. ಹುಲ್ಲು ಗಿಳಿಯ ರೆಕ್ಕೆಯಂತೆ, ಆಕಾಶ ಶಾಯಿಯಂತೆ, ಬಿಳಿಯದೆಲ್ಲ ತಣ್ಣಗೆ ನೀಲಿ ಬೆರೆತಂತೆ. ಈ ಕೊನೆಯದರ ಗುಟ್ಟು ನಮ್ಮ ಅಗಸರಿಗೂ ನಮ್ಮ ತಾಯಂದಿರಿಗೂ ಚೆನ್ನಾಗಿ ಗೊತ್ತಿದ್ದದ್ದೇ. ಒಗೆದ ಪಂಚೆಯನ್ನು ಕೊನೆಯ ನೀರಿಗೆ ಹಾಕುವಾಗ ಒಂದಿಷ್ಟು ನೀಲಿ ಕದಡಿದರೆ ಬಿಳುಪು ಇನ್ನಷ್ಟು ಬಿಳುಪಾಗಿ ಕಾಣುತ್ತದೆ. ಅಂಗಡಿಯ ಟೆಲಿವಿಷನ್ ನೀಲಿ ಹಾಕಿದ ಪಂಚೆ.

ಹಾಗಾದರೆ ನಿಜವಾದ ಬಿಳುಪು ಯಾವುದು? ಅದಕ್ಕೂ ಒಂದು ಒಪ್ಪಂದವಿದೆ. ನಡುಹಗಲಿನ ಬೆಳಕನ್ನು ಹೋಲುವ, ಸುಮಾರು 6500 ಕೆಲ್ವಿನ್ ಎಂದು ಗುರುತಿಸಿದ ಒಂದು ಬಿಳುಪನ್ನು ಲೋಕದ ಸ್ಟುಡಿಯೋಗಳು ಒಪ್ಪಿಕೊಂಡಿವೆ. ಚಿತ್ರದ ಬಣ್ಣಗಳನ್ನು ಕೂಡಿಸುವವನು ಅದನ್ನೇ ಮುಂದಿಟ್ಟುಕೊಂಡು ಕೂಡಿಸುತ್ತಾನೆ. ಮನೆಯ ಟೆಲಿವಿಷನ್ನಿನಲ್ಲಿ 'ಸಿನಿಮಾ' ಎಂದೋ 'ವಾರ್ಮ್' ಎಂದೋ ಹೆಸರಿರುವ ಹದ ಸಾಮಾನ್ಯವಾಗಿ ಅದಕ್ಕೆ ಹತ್ತಿರ. ಅದನ್ನು ಮೊದಲ ದಿನ ಹಾಕಿದಾಗ ಮನೆಯವರೆಲ್ಲ, "ಇದೇನು, ಟಿ.ವಿ.ಗೆ ಕಾಮಾಲೆ ಬಂದಿದೆಯೆ?" ಎನ್ನುವುದು ಖಂಡಿತ. ಎರಡು ದಿನ ತಡೆದರೆ ಕಣ್ಣು ಹೊಂದಿಕೊಳ್ಳುತ್ತದೆ. ಮೂರನೆಯ ದಿನ ಹಳೆಯ ಹದಕ್ಕೆ ಮರಳಿ ನೋಡಿದರೆ ಎಲ್ಲರೂ ಮಂಜುಗಡ್ಡೆಯ ಪೆಟ್ಟಿಗೆಯಿಂದ ಎದ್ದು ಬಂದವರಂತೆ ಕಾಣುತ್ತಾರೆ.

ಇನ್ನು ಗುಂಡಿಗಳ ಹೆಸರುಗಳು. ಅವು ಇರುವುದೇ ದಾರಿ ತಪ್ಪಿಸಲು ಎನ್ನಬೇಕು. 'ಬ್ರೈಟ್‌ನೆಸ್' ಎಂದರೆ ಹೊಳಪು ಎಂದು ನಾವೆಲ್ಲ ತಿಳಿದಿರುತ್ತೇವೆ. ಹಳೆಯ ರೂಢಿಯಲ್ಲಿ ಅದು ಹಿಡಿದಿರುವುದು ಕಪ್ಪನ್ನು. ಅದನ್ನು ಏರಿಸಿದರೆ ರಾತ್ರಿಯ ದೃಶ್ಯ ಬೂದಿ ಬಳಿದಂತಾಗುತ್ತದೆ. ಇಳಿಸಿದರೆ ನಾಯಕನ ಕೂದಲು ಒಂದೊಂದು ಎಳೆಯಾಗಿ ಕಾಣುವುದು ಹೋಗಿ ಒಂದೇ ಮಸಿಯ ಮುದ್ದೆಯಾಗುತ್ತದೆ. ಬಿಳಿಯ ಕಡೆಯನ್ನು ಹಿಡಿದಿರುವುದು 'ಕಾಂಟ್ರಾಸ್ಟ್'. ಅದು ಹೆಚ್ಚಾದರೆ ಬಿಳಿಯ ಅಂಗಿಯ ಮಡಿಕೆಗಳು ಅಳಿಸಿಹೋಗುತ್ತವೆ. ಆದ್ದರಿಂದ ಕರಿಯ ಕೂದಲನ್ನು ನೋಡಿ ಒಂದನ್ನೂ, ಬಿಳಿಯ ಅಂಗಿಯನ್ನು ನೋಡಿ ಇನ್ನೊಂದನ್ನೂ ನಿಲ್ಲಿಸಿದರೆ ಅರ್ಧ ಕೆಲಸ ಮುಗಿಯಿತು. 'ಶಾರ್ಪ್‌ನೆಸ್' ಎಂಬುದು ಚಿತ್ರದಲ್ಲಿ ಇಲ್ಲದ ವಿವರವನ್ನು ಎಲ್ಲಿಂದಲೋ ತರುವುದಿಲ್ಲ; ಇರುವ ಅಂಚುಗಳಿಗೆಲ್ಲ ಕಾಡಿಗೆ ತೀಡುತ್ತದೆ. ಸ್ವಲ್ಪವಾದರೆ ಚೆಂದ, ಹೆಚ್ಚಾದರೆ ಎಲ್ಲರೂ ಯಕ್ಷಗಾನಕ್ಕೆ ಹೊರಟವರು.

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಚಲನೆಯನ್ನು ನಯಗೊಳಿಸುವ ಹೊಸ ಉಪಚಾರ. ಸಿನಿಮಾ ಒಂದು ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಓಡುವಂಥದು. ಟೆಲಿವಿಷನ್ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಏನಿದ್ದಿರಬಹುದೆಂದು ತಾನೇ ಊಹಿಸಿ, ಕ್ಯಾಮೆರಾ ಕಾಣದಿದ್ದ ಚಿತ್ರಗಳನ್ನು ಸೇರಿಸುತ್ತದೆ. ಕ್ರಿಕೆಟ್ಟಿಗೆ ಇದು ಹೊಂದಬಹುದು. ಸಿನಿಮಾ ಮಾತ್ರ ಪಕ್ಕದ ಕೋಣೆಯಲ್ಲಿ ನಡೆಯುತ್ತಿರುವ ಧಾರಾವಾಹಿಯಂತೆ ಕಾಣತೊಡಗುತ್ತದೆ. 2018ರ ಡಿಸೆಂಬರಿನಲ್ಲಿ ನಟ ಟಾಮ್ ಕ್ರೂಸ್, ನಿರ್ದೇಶಕ ಕ್ರಿಸ್ಟೊಫರ್ ಮೆಕ್ವಾರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ದಯವಿಟ್ಟು ಇದನ್ನು ಆರಿಸಿ ನಮ್ಮ ಚಿತ್ರ ನೋಡಿ ಎಂದು ಜನರನ್ನು ಕೇಳಿಕೊಂಡ. ಅದರ ಮರುವರ್ಷ, ಇಂಥ ಉಪಚಾರಗಳನ್ನೆಲ್ಲ ಒಂದೇ ಸಲಕ್ಕೆ ನಿಲ್ಲಿಸುವ 'ಫಿಲ್ಮ್‌ಮೇಕರ್ ಮೋಡ್' ಎಂಬ ಹದವೂ ಪ್ರಕಟವಾಯಿತು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಚಿತ್ರ ತೆಗೆದವನ ಇಚ್ಛೆಯಂತೆ ನೋಡುವುದೇ ನೋಟದ ಮರ್ಯಾದೆ ಎಂದು ಚಿತ್ರದ ಮಟ್ಟಿಗೆ ನಾನೂ ಒಪ್ಪುತ್ತೇನೆ.

ಕಿವಿಯ ವಿಷಯಕ್ಕೆ ಬಂದಾಗ ಈ ಗಾದೆ ಕೆಲಸಕ್ಕೆ ಬಾರದು. ಕಣ್ಣು ಹೊಂದಿಕೊಂಡು ಹೋಗುವ ಸ್ವಭಾವದ್ದು, ಕಿವಿ ಹಾಗಲ್ಲ. ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ಬೇಡದ ಚಿತ್ರಕ್ಕೆ ಬೆನ್ನು ತಿರುಗಿಸಬಹುದು. ಬೇಡದ ಶಬ್ದ ಅಡಿಗೆಮನೆಗೂ ಹಿಂದೆ ಬರುತ್ತದೆ. ನಮ್ಮ ಮನೆಯಲ್ಲಿ ನನ್ನ ಹೆಂಡತಿಗೆ ದನಿಯ ಅಂಕಿ 12 ಇದ್ದರೆ ಸಾಕು. ಮಗನಿಗೆ 20 ಬೇಕು. 81 ವರ್ಷದ ನಮ್ಮ ತಂದೆಯವರಿಗೆ 38. ಯಾರು ಕೂತಿದ್ದಾರೆಂದು ಹೊರಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಹೇಳಬಹುದಾಗಿತ್ತು.

ಇದರಲ್ಲಿ ಯಂತ್ರದ ಪಾಲೂ ಇದೆ ಎಂಬುದನ್ನು ಮೊದಲು ಹೇಳಿಬಿಡಬೇಕು. ಹಳೆಯ ಮರದ ಪೆಟ್ಟಿಗೆಗೆ ಹೊಟ್ಟೆ ಇತ್ತು. ದನಿ ನಮ್ಮ ಮುಖಕ್ಕೇ ಬರುತ್ತಿತ್ತು. ಈಗಿನದು ಎರಡು ಬೆರಳು ದಪ್ಪದ ಹಲಗೆ. ಸ್ಪೀಕರುಗಳನ್ನು ಕೆಳಗೋ ಹಿಂದೆಯೋ ಅಡಗಿಸಿರುತ್ತಾರೆ. ಟೆಲಿವಿಷನ್ ಗೋಡೆಗೆ ಹೇಳುತ್ತದೆ, ಗೋಡೆ ನಮಗೆ ಹೇಳುತ್ತದೆ. ಅದೂ ಅಲ್ಲದೆ, ಸಿನಿಮಾ ಮಂದಿರದಲ್ಲಿ ಮಾತಿಗೆಂದೇ ತೆರೆಯ ನಡುವೆ ಒಂದು ಸ್ಪೀಕರು, ವಾದ್ಯಕ್ಕೂ ಮಳೆಗುಡುಗಿಗೂ ಸುತ್ತ ಬೇರೆ ಸ್ಪೀಕರುಗಳು ಇರುತ್ತವೆ. ಮನೆಯಲ್ಲಿ ಅವೆಲ್ಲವೂ ಎರಡು ಚಿಕ್ಕ ಬಾಯಿಗಳಿಂದಲೇ ಹೊರಡಬೇಕು. ನಾಯಕಿ ಪಿಸುಗುಟ್ಟಿದ್ದು ಪಿಟೀಲಿನ ಕಾಲಡಿ ಸಿಕ್ಕಿ ಹೋಗುತ್ತದೆ.

ಅದರ ಮೇಲೆ ಜಾಹೀರಾತು. ಅದು ಗಟ್ಟಿಯಾಗಿ ಮಾತಾಡುವವನ ಹಾಗಲ್ಲ, ಉಸಿರು ತೆಗೆದುಕೊಳ್ಳದೆ ಮಾತಾಡುವವನ ಹಾಗೆ. ಇಳಿಯಬೇಕಾದ ಕಡೆ ಇಳಿಯದೆ ಉದ್ದಕ್ಕೂ ಮೇಲೆಯೇ ನಿಂತಿರುತ್ತದೆ. ಅಮೆರಿಕದಲ್ಲಿ ಇದನ್ನು ತಡೆಯಲು 2010ರಲ್ಲಿ ಒಂದು ಕಾಯಿದೆಯನ್ನೇ ಮಾಡಿದರು. ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಶಾಂತ' ಎಂಬರ್ಥದ ಇಂಗ್ಲಿಷ್ ಮಾತಾಗುತ್ತದೆ. ನಮ್ಮ ಕೇಬಲ್ ಟೆಲಿವಿಷನ್ನಿನ 1994ರ ನಿಯಮಗಳು ಒಂದು ಹೆಜ್ಜೆ ಮುಂದೆ ಹೋಗಿವೆ. ಜಾಹೀರಾತಿನ ಶಬ್ದ ಮಾತ್ರವಲ್ಲ, ಚಿತ್ರವೂ ಅತಿಯಾಗಿ 'ಗಟ್ಟಿ' ಇರಕೂಡದೆಂದು ಅವು ಹೇಳುತ್ತವೆ. ಚಿತ್ರವೂ ಕಿರುಚಬಲ್ಲದು ಎಂದು ತಿಳಿದಿದ್ದ ಆ ನಿಯಮ ಬರೆದ ಪುಣ್ಯಾತ್ಮನಿಗೆ ನನ್ನ ನಮಸ್ಕಾರ.

ಯಂತ್ರವನ್ನು ಇಷ್ಟು ದೂರಿದ ಮೇಲೂ 38 ಎಂಬ ಅಂಕಿ ಉಳಿಯುತ್ತದೆ. ಒಂದು ಭಾನುವಾರ ಮಧ್ಯಾಹ್ನ ತಂದೆಯವರು 'ನಾಂದಿ' ನೋಡುತ್ತಿದ್ದರು. ಎನ್. ಲಕ್ಷ್ಮೀನಾರಾಯಣ್ 1964ರಲ್ಲಿ ತೆಗೆದ ಚಿತ್ರ. ಕಿವಿ ಕೇಳದ, ಮಾತು ಬಾರದ ಹೆಣ್ಣೊಬ್ಬಳ ಸಂಸಾರದ ಕತೆ. ಕಪ್ಪು ಬಿಳುಪಿನ ಚಿತ್ರವಾದ್ದರಿಂದ ನಾನು ಬಿಳುಪಿನ ಹದ ಪರೀಕ್ಷಿಸಲು ಹೋಗಿ ಪಕ್ಕದಲ್ಲಿ ಕೂತೆ. ಬಿಳುಪು ಸರಿಯಾಗಿದೆಯೆ ಎಂದು ನೋಡಲು ಅಂಥ ಹಳೆಯ ಚಿತ್ರಕ್ಕಿಂತ ಒಳ್ಳೆಯ ಒರೆಗಲ್ಲಿಲ್ಲ. ದನಿ ಎಂದಿನಂತೆ 38ರಲ್ಲಿತ್ತು; ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡ ಸದ್ದು ಅದರ ನಡುವೆಯೂ ಕೇಳಿಸಿತು. ಹರಿಣಿಯವರು ಮಾತಿಲ್ಲದೆ ಕೈಯಲ್ಲಿ, ಕಣ್ಣಿನಲ್ಲಿ ಹೇಳುವ ಕಡೆಯಲ್ಲೆಲ್ಲ ತಂದೆಯವರ ಮುಖ ಸಡಿಲವಾಗುತ್ತಿತ್ತು. ಉಳಿದವರು ಮಾತಾಡತೊಡಗಿದರೆ ಹುಬ್ಬು ಗಂಟಿಕ್ಕಿ ಮುಂದಕ್ಕೆ ಬಾಗುತ್ತಿದ್ದರು. "ಅಪ್ಪಾ, ಇನ್ನೂ ಜೋರು ಮಾಡಲಾ?" ಎಂದೆ. "ಜೋರಿದೆಯಲ್ಲೋ, ತಲೆ ಸಿಡೀತಾ ಇದೆ. ಜೋರಾಗಿದ್ದರೇನು, ಏನು ಅಂತಾನೇ ಗೊತ್ತಾಗಲ್ಲ" ಎಂದರು.

ಇದು ವಿರೋಧಾಭಾಸದಂತೆ ಕೇಳುತ್ತದೆ. ಆದರೆ ಇದರ ವಿವರಣೆ ನಾವು ತರಗತಿಯಲ್ಲಿ ಮೊದಲ ದಿನ ಹೇಳುವ ಪಾಠದಲ್ಲಿಯೇ ಇದೆ. ಸ್ವರಗಳು ಸ್ವತಂತ್ರ, ವ್ಯಂಜನಗಳು ಸ್ವರದ ನೆರವಿಲ್ಲದೆ ನಿಲ್ಲಲಾರವು ಎನ್ನುತ್ತದೆ ವ್ಯಾಕರಣ. ಬಲವೆಲ್ಲ ಸ್ವರದಲ್ಲಿದೆ. ಆದರೆ ಅರ್ಥವನ್ನು ಬೇರೆ ಬೇರೆ ಮಾಡುವ ಹೊರೆ ಹೆಚ್ಚಾಗಿ ವ್ಯಂಜನದ ತಲೆಯ ಮೇಲೆ. ಕಾಸು, ತಾಸು, ಹಾಸು, ಪಾಸು: ವ್ಯಂಜನಗಳನ್ನು ತೆಗೆದುಬಿಟ್ಟರೆ ನಾಲ್ಕೂ ಒಂದೇ, 'ಆ' ಮತ್ತು 'ಉ'. ಕ, ತ, ಪಗಳ ಸಣ್ಣ ಸಿಡಿತ, ಸ, ಶಗಳ ಸುಯ್ಲು, ಇವೆಲ್ಲ ಬಲಹೀನವಾದ ಸದ್ದುಗಳು; ಬಹುಪಾಲು ಎತ್ತರದ ಸ್ಥಾಯಿಯಲ್ಲಿರುವಂಥವು. ವಯಸ್ಸಾದ ಕಿವಿ ಮೊದಲು ಬಿಟ್ಟುಕೊಡುವುದು ಆ ಎತ್ತರದ ಸ್ಥಾಯಿಯನ್ನೇ. ನನ್ನ ಮಗ "ತಾತ, ಪಾಠ ಮುಗೀತು" ಎಂದರೆ, "ಆಟ ಮುಗೀತಾ? ಸರಿ, ಹೋಗಿ ಪಾಠ ಓದ್ಕೋ" ಎಂದು ಉತ್ತರ ಬರುತ್ತಿತ್ತು. ಹುಡುಗ ನಗುತ್ತಿದ್ದ. ತಾತನೂ ನಗುತ್ತಿದ್ದರು, ಯಾಕೆಂದು ಗೊತ್ತಿರಲಿಲ್ಲ.

ವ್ಯಂಜನವೆಂದರೆ ಪಲ್ಯ, ಗೊಜ್ಜು ಮೊದಲಾದ ನೆಂಚಿಕೊಳ್ಳುವ ಪದಾರ್ಥವೆಂದೂ ಅರ್ಥವುಂಟಷ್ಟೆ. ಸ್ವರ ಅನ್ನ, ರುಚಿಯೆಲ್ಲ ವ್ಯಂಜನದ್ದು. ದನಿಯ ಅಂಕಿಯನ್ನು ಸುಮ್ಮನೆ ಏರಿಸುವುದೆಂದರೆ ಪಲ್ಯ ಕೇಳಿದವನಿಗೆ ಅನ್ನವನ್ನೇ ಮತ್ತೆ ಮತ್ತೆ ಬಡಿಸುವುದು. ಎಲೆ ತುಂಬುತ್ತದೆ, ಊಟವಾಗುವುದಿಲ್ಲ. ಅದಕ್ಕೇ "ಸ್ವಲ್ಪ ಜೋರಾಗಿ ಹೇಳು" ಎನ್ನುವ ಮುದುಕರು ಮರುಕ್ಷಣವೇ "ಯಾಕೆ ಹಾಗೆ ಕಿರುಚ್ತೀಯ?" ಎನ್ನುವುದು. ಎರಡೂ ನಿಜ. ಮೆಲುದನಿ ಕೇಳದ ಆ ಕಿವಿಗೆ ಜೋರುದನಿ ನಮಗಿಂತ ಬೇಗ ನೋವಾಗುತ್ತದೆ.

ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆಯುವಾಗ ಶಬ್ದದ್ರವ್ಯದ ಬಣ್ಣ ಬಿಳುಪು ಎಂದು ಹೇಳಿದ. ವಿದ್ಯಾರ್ಥಿಯಾಗಿದ್ದಾಗ ಅದು ನನಗೆ ವಿಚಿತ್ರವಾಗಿ ಕಂಡಿತ್ತು. ಟೆಲಿವಿಷನ್ನಿನ ಮುಂದೆ ಕೂತಾಗ ಅದಕ್ಕೊಂದು ನನ್ನದೇ ಆದ ಅರ್ಥ ಹೊಳೆಯಿತು, ಪಂಡಿತರು ಕ್ಷಮಿಸಬೇಕು. ತೆರೆಯ ಬಿಳುಪು ಕೆಂಪು, ಹಸುರು, ನೀಲಿ ಮೂರೂ ಕೂಡಿ ಆದದ್ದು. ಅದರಿಂದ ನೀಲಿಯನ್ನು ತೆಗೆದರೆ ಹಳದಿ ಉಳಿಯುತ್ತದೆ. ನಮ್ಮ ತಂದೆಯವರ ಕಿವಿಗೆ ಬರುತ್ತಿದ್ದುದು ಎತ್ತರದ ಸ್ಥಾಯಿ ಸೋರಿಹೋದ, ಹಳದಿಯಾದ ಶಬ್ದ. ಅದಕ್ಕೆ ಬೇಕಾದದ್ದು ಇನ್ನಷ್ಟು ಬೆಳಕಲ್ಲ, ಒಂದಿಷ್ಟು ನೀಲಿ. ಚಿತ್ರದಲ್ಲಿ ನಾನು ಅಂಗಡಿಯವನ ಮೋಸವೆಂದು ತೆಗೆದುಹಾಕಿದ್ದ ನೀಲಿ, ಶಬ್ದದಲ್ಲಿ ಮುದುಕರ ಪಾಲಿಗೆ ನ್ಯಾಯವಾಗಿ ಸಲ್ಲಬೇಕಾದದ್ದು.

ಅಂದು ಸಂಜೆ ಅವರನ್ನು ಟೆಲಿವಿಷನ್ನಿನ ಎದುರು ಕೂಡಿಸಿ, ರಿಮೋಟು ನಾನು ಹಿಡಿದೆ. ವಾರ್ತೆ ನಡೆಯುತ್ತಿತ್ತು, ಒಂದೇ ದನಿ, ಹಿನ್ನೆಲೆಯಲ್ಲಿ ವಾದ್ಯವಿಲ್ಲ. ಮೊದಲು ದನಿ ಸುತ್ತಲಿಂದ ಬರುವಂತೆ ನಟಿಸುವ 'ಸರೌಂಡ್' ನಿಲ್ಲಿಸಿದೆ. 'ಬಾಸ್' ಎಂಬ ತಗ್ಗು ಸ್ಥಾಯಿಯನ್ನು ಇಳಿಸಿ, 'ಟ್ರೆಬಲ್' ಎಂಬ ಎತ್ತರದ್ದನ್ನು ಒಂದೊಂದೇ ಮೆಟ್ಟಿಲು ಏರಿಸಿದೆ. ಕೊನೆಗೆ ಮಾತನ್ನು ಎತ್ತಿ ತೋರಿಸುವ 'ಕ್ಲಿಯರ್ ವಾಯ್ಸ್' ಎಂಬುದನ್ನು ಹಾಕಿದೆ. ಒಂದೊಂದಕ್ಕೂ "ಈಗ?" ಎನ್ನುವುದು ನಾನು, "ಮೊದಲಿಗಿಂತ ವಾಸಿ... ಇಲ್ಲ, ಹಿಂದಿನದೇ ಇರಲಿ" ಎನ್ನುವುದು ಅವರು. ಆಂಟೆನಾ ತಿರುಗಿಸುವ ಕಾಲದ ನ್ಯಾಯಾಧೀಶರ ಗತ್ತು ಅವರಿಗೆ ಮರಳಿತ್ತು. 38ರಿಂದ ಇಳಿಯುತ್ತ ಇಳಿಯುತ್ತ 26ಕ್ಕೆ ಬಂದಾಗ ಅವರು ಕೈ ಎತ್ತಿ ತಡೆದರು. "ಇರ್ಲಿ ಬಿಡು, ಇದೇ ಸಾಕು. ಅವಳು ಏನು ಓದ್ತಾಳೆ ಅಂತ ಈಗ ತಿಳೀತಾ ಇದೆ." ನನಗೆ ಆ ದನಿ ತೀರ ತೆಳ್ಳಗೆ, ತಗಡಿನಂತೆ ಕೇಳುತ್ತಿತ್ತು. ಕೇಳಲಿ. ಹದ ನನಗಾಗಿ ಮಾಡಿದ್ದಲ್ಲವಲ್ಲ.

ಆಮೇಲೆ ಅವರು ನಗುತ್ತ ಒಂದು ಮಾತು ಹೇಳಿದರು: "ಟಿ.ವಿ.ಗೆ ಇಂಥದು ಇದೆ ಅಂತಾಯ್ತು. ನಿಮಗೆಲ್ಲ ಒಂದೊಂದು ಇದ್ದಿದ್ದರೆ ಚೆನ್ನಾಗಿತ್ತು ಕಣೋ." ನಾನೂ ನಕ್ಕೆ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನಗಲಿಲ್ಲ.

ಕನ್ನಡಕ ಹಾಕಿದವನಿಗೆ ಲೋಕ ಮರ್ಯಾದೆ ಕೊಡುತ್ತದೆ. ಕಿವಿ ಮಂದವಾದವನನ್ನು ನೋಡಿ ನಗುತ್ತದೆ. ನಮ್ಮ ನಾಟಕಗಳಲ್ಲಿ, ಸಿನಿಮಾಗಳಲ್ಲಿ ಕಿವುಡ ಮಾವನ ಪಾತ್ರಕ್ಕೆ ಬಿದ್ದಷ್ಟು ಚಪ್ಪಾಳೆ ಬೇರೆ ಯಾವ ಪಾತ್ರಕ್ಕೂ ಬಿದ್ದಿರಲಾರದು. ಹೀಗೆ ನಗಿಸಿಕೊಂಡವನು ಸ್ವಲ್ಪ ದಿನಕ್ಕೆ ಮಾತು ಕಡಮೆ ಮಾಡುತ್ತಾನೆ. ಎರಡು ಸಲ "ಏನು?" ಎನ್ನುತ್ತಾನೆ, ಮೂರನೆಯ ಸಲಕ್ಕೆ ಎದುರಿಗಿದ್ದವನ ಮುಖದಲ್ಲಿ ಬೇಸರ ಕಂಡು "ಹೂಂ" ಎಂದುಬಿಡುತ್ತಾನೆ. ತಂದೆಯವರು ಸಂಜೆಯ ಹೊತ್ತು ಪಾರ್ಕಿನ ಕಲ್ಲುಬೆಂಚಿಗೆ ಹೋಗುವುದನ್ನು ಬಿಟ್ಟಿದ್ದರು. ಕಾಲು ನೋವೆಂದು ಹೇಳುತ್ತಿದ್ದರು, ಕಾಲಿನಲ್ಲಿ ನೋವಿರಲಿಲ್ಲ. ನಮ್ಮ ತಾಯಿ ಇದ್ದಷ್ಟು ದಿನ, ಯಾರು ಏನು ಹೇಳಿದರೂ ಅದನ್ನು ತಮ್ಮ ದನಿಯಲ್ಲಿ ನಿಧಾನವಾಗಿ ಮತ್ತೊಮ್ಮೆ ಹೇಳಿ ಅವರಿಗೆ ದಾಟಿಸುತ್ತಿದ್ದರು. ಅವರು ಹೋಗಿ ಆರು ವರ್ಷ. ಆಮೇಲೆ ಮನೆಯಲ್ಲಿ, ಎಷ್ಟು ಸಲ ಕೇಳಿಕೊಂಡರೂ ಹುಬ್ಬು ಗಂಟಿಕ್ಕದೆ ದನಿ ಏರಿಸಿ ಹೇಳುತ್ತಿದ್ದುದು ಟೆಲಿವಿಷನ್ ಒಂದೇ. ಮುದುಕರಿಗೆ ಟಿ.ವಿ. ಹುಚ್ಚು ಎಂದು ಜನ ಹೇಳುವುದುಂಟು. ಅದು ಹುಚ್ಚೋ, ಅಥವಾ ತಮ್ಮ ಮಾತು ಕೇಳಿ ಗುಂಡಿ ತಿರುಗಿಸಿಕೊಳ್ಳುವ ಒಂದಾದರೂ ಪ್ರಾಣಿಯ ಸಹವಾಸವೋ ಎಂದು ಯೋಚಿಸಬೇಕು.

ಮರುವಾರ ಕಿವಿಯ ಪರೀಕ್ಷೆಯಾಯಿತು. ಅವರು ಕೊಟ್ಟ ಕಾಗದದಲ್ಲಿ ಒಂದು ಗೆರೆ, ಎಡಗಡೆ ಮೇಲಿದ್ದದ್ದು ಬಲಕ್ಕೆ ಹೋಗುತ್ತ ಇಳಿಜಾರಾಗಿ ಕೆಳಗೆ ಬಿದ್ದಿತ್ತು: ತಗ್ಗು ಸ್ಥಾಯಿ ಬಹುಮಟ್ಟಿಗೆ ಉಳಿದಿದೆ, ಎತ್ತರದ್ದು ಹೋಗಿದೆ. ಗಣಿತದ ಮೇಷ್ಟರಾದ್ದರಿಂದ ತಂದೆಯವರಿಗೆ ಆ ರೇಖಾಚಿತ್ರವನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವರೇ ನನಗೆ ಹೇಳಿದರು. ಈಗ ಕಿವಿಯ ಹಿಂದೆ ಹುಣಿಸೆಬೀಜದಷ್ಟು ದೊಡ್ಡ ಯಂತ್ರವೊಂದು ಬಂದಿದೆ. ಅದು ಮಾಡುವ ಕೆಲಸವೂ ಅಂದು ಸಂಜೆ ನಾವು ಟೆಲಿವಿಷನ್ನಿಗೆ ಮಾಡಿದ್ದೇ: ಎಲ್ಲವನ್ನೂ ಒಟ್ಟಿಗೆ ಏರಿಸದೆ, ಆ ಕಿವಿಗೆ ಯಾವುದು ಕೊರತೆಯೋ ಅದನ್ನು ನೋಡಿಕೊಂಡು ಏರಿಸುವುದು. ಯಂತ್ರ ಎಲ್ಲವನ್ನೂ ಸರಿಮಾಡುವುದಿಲ್ಲವೆಂದು ಅಲ್ಲಿಯೇ ಹೇಳಿ, ಮನೆಯವರಿಗೂ ಕೆಲವು ಪಾಠ ಕಲಿಸಿ ಕಳಿಸಿದರು. ಎದುರಿಗೆ ಕೂತು, ಬೆಳಕು ಮುಖದ ಮೇಲೆ ಬೀಳುವಂತೆ ಮಾತಾಡಿ. ಕಿರುಚಬೇಡಿ, ನಿಧಾನಿಸಿ. ಒಂದು ಮಾತು ತಿಳಿಯದಿದ್ದರೆ ಅದನ್ನೇ ಹತ್ತು ಸಲ ಹೇಳದೆ ಬೇರೆ ಮಾತಿನಲ್ಲಿ ಹೇಳಿ. ಮಾತಾಡುವಾಗ ಟೆಲಿವಿಷನ್ ಆರಿಸಿ.

ತಂದೆಯವರು ನಮಗೂ ಇದ್ದಿದ್ದರೆ ಚೆನ್ನಾಗಿತ್ತು ಎಂದ ಗುಂಡಿಗಳು ಇವೇ ಎಂದು ಕಾಣುತ್ತದೆ. ಹೇಳಿದಷ್ಟು ಸುಲಭವಾಗಿ ತಿರುಗುವುದಿಲ್ಲ; ತಿರುಗಿಸಿದ್ದು ನಿಲ್ಲುವುದೂ ಇಲ್ಲ. ಬೆಳಗಿನ ಅವಸರದಲ್ಲಿ ನಾವೆಲ್ಲ ಮತ್ತೆ ಬೆನ್ನು ತಿರುಗಿಸಿಕೊಂಡೇ ಮಾತಾಡುತ್ತೇವೆ. ನೆನಪಾದಾಗ ತಿರುಗಿ ನಿಲ್ಲುತ್ತೇವೆ. ನನ್ನ ಮಗ ಮಾತ್ರ ಇದನ್ನು ಆಟದಂತೆ ಕಲಿತುಬಿಟ್ಟಿದ್ದಾನೆ. ತಾತನ ಎದುರು ಕಾಲು ಮಡಚಿ ಕೂತು, 'ಪಾಠ' ಎನ್ನುವಾಗ ತುಟಿಗಳನ್ನು ಚೆನ್ನಾಗಿ ಮುಚ್ಚಿ ತೆರೆಯುತ್ತಾನೆ.

ಟೆಲಿವಿಷನ್ನಿನ ಪಟ್ಟಿಯ ಕೊಟ್ಟಕೊನೆಯಲ್ಲಿ ಇನ್ನೊಂದು ಗುಂಡಿ ಇರುವುದನ್ನು ಓದುಗರು ನೋಡಿರಬಹುದು. ಅದನ್ನು ಒತ್ತಿದರೆ ನಾವು ಮಾಡಿದ ಹದವೆಲ್ಲ ಅಳಿಸಿ, ಪೆಟ್ಟಿಗೆ ಕಾರ್ಖಾನೆಯಿಂದ ಹೊರಟ ದಿನ ಹೇಗಿತ್ತೋ ಹಾಗಾಗುತ್ತದೆ. ಕೊನೆಯ ಬೆಂಚಿನ ಪಿಸುಮಾತು ಕೇಳುತ್ತಿದ್ದ ಕಿವಿಗೆ ಅಂಥ ಗುಂಡಿ ಇಲ್ಲ. ಇದ್ದದ್ದರಲ್ಲಿಯೇ ದಿನದಿನವೂ ಹದ ಹುಡುಕಬೇಕು. ಸದ್ಯಕ್ಕೆ ನಮ್ಮ ಮನೆಯ ಅಂಕಿ 18. ನನ್ನ ಹೆಂಡತಿಗೆ ಆರು ಹೆಚ್ಚು, ಮಗನಿಗೆ ಎರಡು ಕಡಮೆ; ತಂದೆಯವರನ್ನು ಕೇಳಿದರೆ ಪರವಾಗಿಲ್ಲ ಎನ್ನುತ್ತಾರೆ.